91.1 ನಿಜಕ್ಕೂ ಯಾರದ್ದು? ಬೆಂಗಳೂರಿನ ಎಫ್‌ಎಂಗಳ ಹೆಸರು, ಭಾಷೆ, ಮಾಲೀಕರು ಬದಲಾಗುತ್ತಾ ಬಂದಿದ್ದು ಹೇಗೆ?

ಜಯನಗರ ಕೇಳುಗ:

ರೇಡಿಯೋ ಬಗ್ಗೆ ಚೆನ್ನಾಗಿ ಗೊತ್ತಿರುವವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. 2001ರಲ್ಲಿ ರೇಡಿಯೋ ಸಿಟಿ (ಈಗಿನ 91.1) ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಆಗ ಅದರಲ್ಲಿ ಇಂಗ್ಲಿಷ್ ಹಾಡು ಬರುತ್ತಿತ್ತು, ಹಿಂದಿ ಬರುತ್ತಿತ್ತು, ನಡುವೆ ಕನ್ನಡವೂ ಬರುತ್ತಿತ್ತು. ಅದು ಸ್ಟಾರ್ ಟಿವಿಯವರದ್ದು ಅಂತ ಎಲ್ಲರೂ ಹೇಳುತ್ತಿದ್ದರು. ಆಮೇಲೆ ಯಾವುದೋ ಫಂಡ್‌ನವರು ತಗೊಂಡರು ಅಂದರು, ಈಗ ನೋಡಿದರೆ ಉತ್ತರ ಭಾರತದ ಹಿಂದಿ ಪೇಪರ್ ಕಂಪನಿಯದ್ದು ಅನ್ನುತ್ತಾರೆ. ಇದರಲ್ಲಿ ಯಾವುದು ನಿಜ?

ಇನ್ನೊಂದು ವಿಷಯ. 93.5ರಲ್ಲಿ ಎಸ್ ಎಫ್‌ಎಂ ಅಂತ ಇತ್ತು, ನನಗೆ ಬಹಳ ಇಷ್ಟ. ಒಂದು ದಿನ ಅದೇ ನಂಬರ್‌ನಲ್ಲಿ ರೆಡ್ ಎಫ್‌ಎಂ ಅಂತ ಬಂತು. ಎಸ್ ಎಫ್‌ಎಂ ಮುಚ್ಚಿ ಬೇರೆಯವರು ಬಂದರಾ, ಅಥವಾ ಹೆಸರು ಮಾತ್ರ ಬದಲಾಯಿತಾ? ಮಾಲೀಕರು ಬದಲಾದಾಗಲೆಲ್ಲ ಹಾಡಿನ ಭಾಷೆಯೂ ಬದಲಾಗುತ್ತದಾ? ನನ್ನ ಮಗಳಿಗೆ ಇದನ್ನೆಲ್ಲ ಹೇಳುತ್ತಾ ಕೂತಾಗ ನನಗೇ ಸರಿಯಾಗಿ ಗೊತ್ತಿಲ್ಲ ಅನ್ನಿಸಿತು. ಗೊತ್ತಿರುವವರು ವಿವರವಾಗಿ ಹೇಳಿ.

ಹಳೇ ಟ್ರಾನ್ಸಿಸ್ಟರ್:

ನೀವು ಕೇಳಿದ ಮೂರೂ ನಿಜ ಸರ್, ಬೇರೆ ಬೇರೆ ಕಾಲದಲ್ಲಿ. ಆದರೆ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಫ್ರೀಕ್ವೆನ್ಸಿಗೆ ಖಾಸಗಿ ಮಾಲೀಕರು ಅಂತ ಯಾರೂ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಅಂತ ತೀರ್ಪು ಕೊಟ್ಟಿತು. ಹಾಗಾಗಿ 91.1 ಅನ್ನೋದು ಬಾಡಿಗೆ ಮನೆ ಇದ್ದ ಹಾಗೆ. ಇಂತಿಷ್ಟು ವರ್ಷ ಅಂತ ಕೇಂದ್ರ ಸರ್ಕಾರ ಅನುಮತಿ ಕೊಡುತ್ತದೆ, ಕಂಪನಿ ಶುಲ್ಕ ಕಟ್ಟುತ್ತದೆ. ಮಾರಾಟ ಆಗುವುದು ಆ ಅನುಮತಿ ಇಟ್ಟುಕೊಂಡ ಕಂಪನಿ, ನಂಬರ್ ಅಲ್ಲ.

91.1ರ ಅನುಮತಿ ಮೊದಲ ದಿನದಿಂದ ಇವತ್ತಿನವರೆಗೂ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಅನ್ನುವ ಒಂದೇ ಕಂಪನಿಯ ಹೆಸರಿನಲ್ಲಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಶುರುವಾದಾಗ ಅದು ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್. ಮುಂಬೈಗಿಂತ, ದೆಹಲಿಗಿಂತ ಮೊದಲು ನಮ್ಮಲ್ಲಿ ಬಂತು ಅನ್ನುವುದು ನನಗೆ ಈಗಲೂ ಹೆಮ್ಮೆ. ಆಗಿನ ನಿಯಮದಲ್ಲಿ ಎಫ್‌ಎಂಗೆ ನೇರ ವಿದೇಶಿ ಹೂಡಿಕೆ ತರುವ ಹಾಗಿರಲಿಲ್ಲ. ಅದಕ್ಕೆ ವಿದೇಶಿ ಕಂಪನಿಯಾಗಿದ್ದ ಸ್ಟಾರ್‌ನವರು ಸ್ಟೇಷನ್ ಕೊಳ್ಳಲಿಲ್ಲ, ಕಾರ್ಯಕ್ರಮ ಮಾಡಿಕೊಡುವುದು, ಜಾಹೀರಾತು ಮಾರುವುದು, ಈ ಕೆಲಸಕ್ಕೆ ಜೊತೆಯಾದರು. ಹೊರಗಿನಿಂದ ನೋಡಿದವರಿಗೆ ಅದು ಸ್ಟಾರ್‌ನ ಸ್ಟೇಷನ್ ಥರಾನೇ ಕಾಣುತ್ತಿತ್ತು, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಸ್ಟಾರ್ ಹೊರಗೆ ಹೋಯಿತು, ಇಂಡಿಯಾ ವ್ಯಾಲ್ಯೂ ಫಂಡ್ ಅನ್ನುವ ಹೂಡಿಕೆ ನಿಧಿ ಕಂಪನಿಯ ದೊಡ್ಡ ಪಾಲು ತಗೊಂಡಿತು. 2015ರಲ್ಲಿ ದೈನಿಕ್ ಜಾಗರಣ್ ಪತ್ರಿಕೆ ನಡೆಸುವ ಜಾಗರಣ್ ಪ್ರಕಾಶನ್ ಅದನ್ನು ಕೊಂಡಿತು. 2017ರಲ್ಲಿ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಷೇರುಪೇಟೆಗೆ ಬಂತು, ಅಂದರೆ ಈಗ ಸ್ವಲ್ಪ ಪಾಲು ಸಾಮಾನ್ಯ ಜನರ ಕೈಯಲ್ಲೂ ಇದೆ.

93.5ರ ಕಥೆ ಬೇರೆ. ಅಲ್ಲಿ ಹೆಸರು ಮಾತ್ರ ಬದಲಾಗಿದ್ದು. ಎಸ್ ಎಫ್‌ಎಂ ಸನ್ ಗುಂಪಿನದು. ರೆಡ್ ಎಫ್‌ಎಂ ಅನ್ನುವ ಬ್ರ್ಯಾಂಡ್ 2002ರಲ್ಲಿ ಇಂಡಿಯಾ ಟುಡೇ ಗುಂಪಿನಿಂದ ಶುರುವಾಗಿದ್ದು. ಆಮೇಲೆ ಅದರಲ್ಲಿ ಸನ್ ಗುಂಪಿಗೂ ಪಾಲು ಬಂತು, ಆಗ ತಮಿಳುನಾಡಿನ ಹೊರಗಿದ್ದ ತಮ್ಮ ಎಸ್ ಎಫ್‌ಎಂ ಸ್ಟೇಷನ್‌ಗಳಿಗೂ ರೆಡ್ ಅಂತಲೇ ಹೆಸರಿಟ್ಟರು. ಹಾಗಾಗಿ ನಿಮ್ಮ ಎಸ್ ಎಫ್‌ಎಂ ಮುಚ್ಚಲಿಲ್ಲ.

92.7ರ ಬಿಗ್ ಎಫ್‌ಎಂನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆಗಿದೆ. ಹೆಸರು ಅದೇ ಉಳಿಯಿತು, ಕೆಳಗಿನ ನೆಲವೇ ಬದಲಾಯಿತು. ಅನಿಲ್ ಅಂಬಾನಿ ಗುಂಪು 2006ರಲ್ಲಿ ಶುರು ಮಾಡಿದ್ದು, ಜಾಗರಣ್‌ನವರ ಮ್ಯೂಸಿಕ್ ಬ್ರಾಡ್‌ಕಾಸ್ಟ್ 2019ರಲ್ಲಿ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು, ಆದರೆ ಅದು ಮುರಿದುಬಿತ್ತು. ಕೊನೆಗೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ 2024ರಲ್ಲಿ ಸಫೈರ್ ಮೀಡಿಯಾ ಪಾಲಾಯಿತು. 94.3ರ ರೇಡಿಯೋ ಒನ್ ಮೊದಲು ಮಿಡ್-ಡೇ ಪತ್ರಿಕೆಯ ಗುಂಪಿನದು, ಬಿಬಿಸಿಗೂ ಅದರಲ್ಲಿ ಪಾಲಿತ್ತು. ಈಗ ಹಿಂದುಸ್ತಾನ್ ಟೈಮ್ಸ್ ಪತ್ರಿಕೆಯ ಎಚ್‌ಟಿ ಮೀಡಿಯಾ ಕೈಯಲ್ಲಿದೆ. 104ರ ಫೀವರ್ ಕೂಡ ಅವರದ್ದೇ.

ಒಂದು ಸಣ್ಣ ವಿಷಯ, ಇದು ನನಗೆ ಇಷ್ಟ ಅಂತ ಹೇಳುತ್ತಿದ್ದೇನೆ. 91.1, 91.9, 92.7, 93.5, 94.3. ಪ್ರತಿ ಎರಡರ ನಡುವೆ ಸರಿಯಾಗಿ 0.8 ಅಂತರ. ಒಂದೇ ಊರಿನ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳಬಾರದು ಅಂತ ಬಿಟ್ಟ ಜಾಗ ಅದು.

ಕೆಂಗೇರಿ ಕಾಂತಣ್ಣ:

ಟ್ರಾನ್ಸಿಸ್ಟರ್ ಸರ್ ಮಾಲೀಕರ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಭಾಷೆಯ ವಿಷಯ ನಾನು ಹೇಳುತ್ತೇನೆ, ಯಾಕಂದರೆ ಇಲ್ಲಿನ ಒಂದು ಸ್ಟೇಷನ್‌ನಲ್ಲಿ ಕೆಲವು ವರ್ಷ ಜಾಹೀರಾತು ಮಾರುವ ಕೆಲಸ ಮಾಡಿದ್ದೇನೆ.

ಮಾಲೀಕರು ಬದಲಾದರೆ ಭಾಷೆ ಬದಲಾಗುತ್ತದೆ ಅನ್ನುವುದು ಅರ್ಧ ಮಾತ್ರ ಸರಿ. ಸರ್ಕಾರಕ್ಕೆ ಕಟ್ಟುವ ಶುಲ್ಕ, ಹಾಡಿಗೆ ಕಟ್ಟುವ ರಾಯಲ್ಟಿ, ಊರಿನಲ್ಲಿ ಎಷ್ಟು ಸ್ಟೇಷನ್ ಇವೆ, ಭಾಷೆ ನಿರ್ಧಾರ ಆಗುವುದು ಈ ಮೂರರಿಂದ. ಮಾಲೀಕರು ಇದಾದ ಮೇಲೆ.

ಖಾಸಗಿ ಎಫ್‌ಎಂ ಅನುಮತಿಗಳನ್ನು ಸರ್ಕಾರ ಮೂರು ಹಂತದಲ್ಲಿ ಹರಾಜು ಹಾಕಿತು, ಅದರಲ್ಲಿ ಮೊದಲ ಹಂತ ನೆನಪಿಸಿಕೊಳ್ಳಿ. 108 ಫ್ರೀಕ್ವೆನ್ಸಿ ಹರಾಜಿಗಿಟ್ಟರು, ಕಂಪನಿಗಳು ಮನಸ್ಸಿಗೆ ಬಂದಷ್ಟು ಕೂಗಿದವು. ಕೂಗಿದ ಮೊತ್ತವನ್ನು ಒಂದು ಸಲ ಕಟ್ಟಿದರೆ ಮುಗಿಯುತ್ತಿರಲಿಲ್ಲ, ಪ್ರತಿ ವರ್ಷ ಕಟ್ಟಬೇಕಿತ್ತು, ಅದೂ ವರ್ಷಕ್ಕೆ ಶೇ 15ರಷ್ಟು ಏರಿಸುತ್ತಾ. ಲೆಕ್ಕ ಹಾಕಿ ನೋಡಿ. ಐದು ವರ್ಷಕ್ಕೆ ಶುಲ್ಕ ಎರಡು ಪಟ್ಟಾಗುತ್ತದೆ, ಹತ್ತನೇ ವರ್ಷ ಮೂರೂವರೆ ಪಟ್ಟು. ಜಾಹೀರಾತು ಆ ವೇಗದಲ್ಲಿ ಬೆಳೆಯಲು ಸಾಧ್ಯವೇ ಇರಲಿಲ್ಲ. ಬಹಳ ಜನ ಗೆದ್ದ ಮೇಲೂ ಬಿಟ್ಟು ಹೋದರು, ಕೊನೆಗೆ ನಿಜವಾಗಿ ನಡೆದದ್ದು 20ರ ಆಸುಪಾಸು ಸ್ಟೇಷನ್. ಬೆಂಗಳೂರಿನಲ್ಲಿ 2001ರಿಂದ 2006ರವರೆಗೆ ಒಂದೇ ಒಂದು ಖಾಸಗಿ ಎಫ್‌ಎಂ ಇದ್ದದ್ದು ಇದೇ ಕಾರಣಕ್ಕೆ.

ಈಗ ಯೋಚಿಸಿ, ಊರಿಗೆಲ್ಲ ಒಂದೇ ಖಾಸಗಿ ಸ್ಟೇಷನ್, ಪ್ರತಿ ವರ್ಷ ಏರುವ ಶುಲ್ಕ ಬೇರೆ. ಆಗ ನೀವು ಯಾರನ್ನೂ ಬಿಡುವ ಹಾಗಿಲ್ಲ. ಕಾಲೇಜು ಹುಡುಗರಿಗೆ ಇಂಗ್ಲಿಷ್, ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಹಿಂದಿ, ಊರಿನವರಿಗೆ ಕನ್ನಡ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಡಬೇಕು. ಜಯನಗರದವರು ಕೇಳಿದ ಆ ಮೂರು ಭಾಷೆಯ ಮಿಕ್ಸ್ ಹಾಗೆ ಬಂದಿದ್ದು.

2005ರಲ್ಲಿ ಎರಡನೇ ಹಂತದ ನೀತಿ ಬಂತು. ಒಂದು ಸಲದ ಪ್ರವೇಶ ಶುಲ್ಕ, ಆಮೇಲೆ ಆದಾಯದ ಶೇ 4. ಅಷ್ಟೇ! ವ್ಯವಹಾರ ಬದುಕಿದ್ದೇ ಆವಾಗ. ಒಂದೆರಡು ವರ್ಷದೊಳಗೆ ಮಿರ್ಚಿ, ಬಿಗ್, ಎಸ್, ರೇಡಿಯೋ ಒನ್, ಇಂಡಿಗೋ, ಫೀವರ್, ಎಲ್ಲ ಬಂದವು. ಏಳು ಸ್ಟೇಷನ್ ಆದ ಮೇಲೆ ಎಲ್ಲರಿಗೂ ಎಲ್ಲವನ್ನೂ ಕೊಡುವ ಆಟ ನಡೆಯಲ್ಲ. ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿಯಬೇಕು. 91.9ರ ಇಂಡಿಗೋ ಪೂರ್ತಿ ಇಂಗ್ಲಿಷ್ ಹಿಡಿಯಿತು. ಮಿರ್ಚಿ, ಬಿಗ್, ಎಸ್ ಕನ್ನಡ ಹಿಡಿದವು. ನಡುವೆ ಉಳಿದವರು ಮಾತ್ರ ಆ ಕಡೆ ಈ ಕಡೆ ತೂಗಾಡಿದರು.

ತೂಗಾಡಲು ಕಾರಣ ರ‍್ಯಾಮ್. 2007ರಲ್ಲಿ ಶುರುವಾದ ಕೇಳುಗರ ಸಮೀಕ್ಷೆ ಅದು, ಮೊದಲು ಬಂದ ಕೆಲವೇ ಊರುಗಳಲ್ಲಿ ಬೆಂಗಳೂರೂ ಒಂದು. ಆಯ್ದ ಮನೆಗಳಿಗೆ ಡೈರಿ ಕೊಡುತ್ತಿದ್ದರು, ಯಾವಾಗ ಯಾವ ಸ್ಟೇಷನ್ ಕೇಳಿದೆ ಅಂತ ಅವರು ಬರೆಯಬೇಕಿತ್ತು. ಆ ನಂಬರ್ ಹಿಡಿದುಕೊಂಡೇ ಮುಂಬೈನ ಏಜೆನ್ಸಿಗಳು 10 ಸೆಕೆಂಡಿಗೆ ಇಷ್ಟು ಅಂತ ರೇಟು ಮಾತಾಡುತ್ತಿದ್ದರು. ನಂಬರ್ ಇಳಿದರೆ ಪ್ರೋಗ್ರಾಮಿಂಗ್‌ನವರ ಮೇಲೆ ಒತ್ತಡ ಬೀಳುತ್ತಿತ್ತು, ಮುಂದಿನ ತಿಂಗಳು ಪ್ಲೇಲಿಸ್ಟ್ ಬದಲು. ಕನ್ನಡ ಹಾಕಿದರೆ ಕೇಳುಗರು ಜಾಸ್ತಿ, ಆದರೆ ಕೆಲವು ದೊಡ್ಡ ಬ್ರ್ಯಾಂಡ್‌ಗಳು ಹಿಂದಿ ಸ್ಟೇಷನ್ ಕೇಳುವವರೇ ನಮಗೆ ಬೇಕು ಅನ್ನುತ್ತಿದ್ದವು. ಅದೇ ಸೀರೆ ಅಂಗಡಿ, ಚಿನ್ನದ ಅಂಗಡಿ, ಸೈಟ್ ಮಾರುವವರು ಕನ್ನಡದಲ್ಲೇ ಸ್ಪಾಟ್ (ಜಾಹೀರಾತು) ಕೇಳುತ್ತಿದ್ದರು, ಹಣವನ್ನೂ ಬೇಗ ಕೊಡುತ್ತಿದ್ದರು. ನಾನು ಕಂಡ ಮಟ್ಟಿಗೆ ಕನ್ನಡ ಎಫ್‌ಎಂಗಳನ್ನು ನಿಲ್ಲಿಸಿದ್ದು ಈ ಲೋಕಲ್ ಅಂಗಡಿಗಳೇ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ರಾಯಲ್ಟಿ ಬಗ್ಗೆಯೂ ಎರಡು ಮಾತು. ಮೊದಲು ಗಂಟೆಗೆ ಇಷ್ಟು ಅಂತ ಕಟ್ಟಬೇಕಿತ್ತು. ಅಂದರೆ ಹಾಡು ಜಾಸ್ತಿ ಹಾಕಿದಷ್ಟೂ ಖರ್ಚು ಜಾಸ್ತಿ, ಜಾಹೀರಾತು ಬರಲಿ ಬಿಡಲಿ. 2010ರಲ್ಲಿ ಕಾಪಿರೈಟ್ ಬೋರ್ಡ್ ಅದನ್ನು ಜಾಹೀರಾತಿನ ನಿವ್ವಳ ಆದಾಯದ ಶೇ 2ಕ್ಕೆ ಇಳಿಸಿತು. ಆಮೇಲೆ ರಾತ್ರಿ ಹೊತ್ತೂ ಹಳೇ ಹಾಡಿನ ಕಾರ್ಯಕ್ರಮ ಧೈರ್ಯವಾಗಿ ಹಾಕುವ ಹಾಗಾಯಿತು.

ಜಯನಗರ ಕೇಳುಗ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶೇ 15ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಾಂತಣ್ಣ, ಒಂದು ಅನುಮಾನ. ಮಿರ್ಚಿಯವರದ್ದು 98.3 ಇದೆ, 95 ಕೂಡ ಇದೆ. ಎಚ್‌ಟಿಯವರದ್ದೂ ಎರಡು ಅಂತ ಮೇಲೆ ಬರೆದಿದ್ದಾರೆ. ಒಂದೇ ಕಂಪನಿಗೆ ಒಂದೇ ಊರಿನಲ್ಲಿ ಎರಡು ಸ್ಟೇಷನ್ ಹೇಗೆ ಕೊಡುತ್ತಾರೆ?

ಕೆಂಗೇರಿ ಕಾಂತಣ್ಣ:

ಎರಡನೇ ಹಂತದಲ್ಲಿ ಊರಿಗೆ ಒಂದೇ ಅಂತ ಇತ್ತು. ಮೂರನೇ ಹಂತದಲ್ಲಿ ಸಡಿಲ ಮಾಡಿದರು. ಒಂದು ಊರಿನ ಒಟ್ಟು ಚಾನೆಲ್‌ಗಳಲ್ಲಿ ಶೇ 40 ಮೀರಬಾರದು, ಊರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕಂಪನಿ ಇರಬೇಕು. 2015ರ ಹರಾಜಿನಲ್ಲಿ ಬೆಂಗಳೂರಿನ ಆ ಒಂದು ಹೊಸ ಫ್ರೀಕ್ವೆನ್ಸಿಗೆ 100 ಕೋಟಿ ರೂಪಾಯಿ ದಾಟಿ ಹೋಯಿತು. ಕೂಗಿದ್ದು ಮಿರ್ಚಿ ನಡೆಸುವ ಟೈಮ್ಸ್ ಗುಂಪಿನ ಕಂಪನಿ. 98.3 ಕನ್ನಡಕ್ಕೆ ಇಟ್ಟುಕೊಂಡು 95ರಲ್ಲಿ ಹಿಂದಿ ಹಾಕಿದರು. ನೋಡಿ, ಇಲ್ಲಿ ಮಾಲೀಕರು ಒಬ್ಬರೇ, ಭಾಷೆ ಎರಡು.

ವಿಜಯಾ ಮೈಸೂರು:

ಚರ್ಚೆ ಪೂರ್ತಿ ಬೆಂಗಳೂರಿನ ಖಾಸಗಿ ಎಫ್‌ಎಂ ಸುತ್ತಲೇ ಹೋಗುತ್ತಿದೆ. ದಯವಿಟ್ಟು ಮೈಸೂರನ್ನು ಮರೆಯಬೇಡಿ. ಮಾಲೀಕತ್ವ ಬದಲಾದ ಕಥೆ ಅಂದರೆ ನಮ್ಮ ಆಕಾಶವಾಣಿಯದ್ದೇ.

1935ರ ಸೆಪ್ಟೆಂಬರ್ 10. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠಲ ವಿಹಾರದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. 30 ವಾಟ್! ಈಗ ಒಂದು ಸಮುದಾಯ ರೇಡಿಯೋಗೆ 100 ವಾಟ್ ಶಕ್ತಿಯವರೆಗೆ ಅನುಮತಿ ಸಿಗುತ್ತದೆ, ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಲಾಭಕ್ಕೆ ಮಾಡಿದ್ದಲ್ಲ, ಸ್ವಂತ ದುಡ್ಡು, ಸ್ವಂತ ಆಸಕ್ತಿ. ಸಂಗೀತ, ಸಾಹಿತ್ಯ, ಭಾಷಣ, ಜನರಿಗೆ ತಿಳಿವಳಿಕೆ ಕೊಡುವ ಮಾತು, ಇದೇ ಅವರ ಫಾರ್ಮ್ಯಾಟ್. ಆಮೇಲೆ ಮೈಸೂರು ನಗರಸಭೆ, ಊರಿನ ಜನ ನೆರವಿಗೆ ಬಂದರು. 1942ರ ಜನವರಿಯಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಹದಿನೈದು ವರ್ಷದಲ್ಲಿ ಒಂದು ಮನೆಯಿಂದ ನಗರಸಭೆ, ಸಂಸ್ಥಾನ, ದೆಹಲಿ, ಇಷ್ಟು ಕೈ ದಾಟಿದೆ.

ಆಮೇಲೆ ಆಗಿದ್ದು ಮೈಸೂರಿನವರಿಗೆ ಇನ್ನೂ ನೋವಿನ ವಿಷಯ. 1955ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು, ಮೈಸೂರಿನ ಕೇಂದ್ರವನ್ನೇ ಅಲ್ಲಿಗೆ ಸಾಗಿಸಿದರು. ನಮ್ಮ ಊರಿಗೆ ಮತ್ತೆ ಪೂರ್ತಿ ಕೇಂದ್ರ ಸಿಕ್ಕಿದ್ದು 1970ರ ದಶಕದಲ್ಲಿ. ಈಗ 100.6ರಲ್ಲಿ ಕೇಳಬಹುದು. ಅಂದರೆ ರಾಜಭವನ ರಸ್ತೆಯ ನಿಮ್ಮ ಬೆಂಗಳೂರು ಆಕಾಶವಾಣಿಯ ಬೇರು ನಮ್ಮೂರಿನ ಒಬ್ಬ ಪ್ರೊಫೆಸರ್ ಮನೆಯಲ್ಲಿದೆ. ಬೆಂಗಳೂರಿನವರು ಇದನ್ನು ತಿಳಿದುಕೊಳ್ಳಬೇಕು ಅಂತ ನನ್ನ ಆಸೆ.

ಇನ್ನೊಂದು ಮಾತು. ಕಾಂತಣ್ಣ ಅವರು ಭಾಷೆಯನ್ನು ಶುಲ್ಕ ನಿರ್ಧರಿಸಿತು ಅನ್ನುತ್ತಾರೆ. ಖಾಸಗಿ ಎಫ್‌ಎಂ ಮಟ್ಟಿಗೆ ಸರಿ. ಆದರೆ 100.1ರಲ್ಲಿ ಆಕಾಶವಾಣಿ ಬರೀ ಶಾಸ್ತ್ರೀಯ ಸಂಗೀತಕ್ಕೆ ಅಂತ ಅಮೃತವರ್ಷಿಣಿ ನಡೆಸಿತಲ್ವಾ? ಕರ್ನಾಟಕ ಸಂಗೀತ, ಹಿಂದುಸ್ತಾನಿ, ಎರಡೂ. ಯಾವ ಖಾಸಗಿ ಕಂಪನಿಯೂ ಆ ಲೆಕ್ಕಕ್ಕೆ ಕೈ ಹಾಕುತ್ತಿರಲಿಲ್ಲ. ಮಾಲೀಕರು ಯಾರು ಅನ್ನುವುದು ಅಲ್ಲಿ ನಿಜಕ್ಕೂ ಮುಖ್ಯ ಆಗುತ್ತದೆ.

ಹಳೇ ಟ್ರಾನ್ಸಿಸ್ಟರ್:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಫಾರ್ಮ್ಯಾಟ್ ಬಗ್ಗೆ ಮಾತಾಡುವಾಗ ನಾವು ಬರೀ ಹಾಡಿನ ಭಾಷೆ ನೋಡುತ್ತೇವೆ, ಮಾತು ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಮೂರನೇ ಹಂತದಲ್ಲಿ ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಹಾಕಬಹುದು ಅಂದರು, ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು ಕರೆಂಟಿನ ಮಾಹಿತಿ ಹೇಳಬಹುದು. ಹಾಗಾಗಿ ಇಷ್ಟು ಸ್ಟೇಷನ್ ಇದ್ದರೂ ಹೆಚ್ಚಿನವು ಸಿನಿಮಾ ಹಾಡಿನ ಸುತ್ತಲೇ ಸುತ್ತುತ್ತವೆ. ಬೇರೆ ದಾರಿ ಬಿಟ್ಟಿಲ್ಲ.

ಕೋಲಾರದ ಬೂದಿಕೋಟೆಯ ನಮ್ಮ ಧ್ವನಿ ನೆನಪಿದೆಯಾ? ಆಗ ಹಳ್ಳಿಯ ಜನಕ್ಕೆ ಲೈಸೆನ್ಸ್ ಕೊಡುತ್ತಿರಲಿಲ್ಲ ಅಂತ ಕೇಬಲ್ ಮೂಲಕ ಮನೆ ಮನೆಗೆ ದನಿ ತಲುಪಿಸಿದರು. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಅನುಮತಿ ಕೊಡುವ ನೀತಿ ಬಂದಿದ್ದು 2006ರ ಕೊನೆಗೆ. ಅಲ್ಲೂ ಸುದ್ದಿಗೆ ಇದೇ ಕಟ್ಟು. ನನಗೆ ಇದು ಯಾವತ್ತೂ ಒಪ್ಪಿಗೆಯಾಗಿಲ್ಲ.

ಮಲ್ಲೇಶ್ವರದ ಹುಡುಗಿ:

ಕಾಂತಣ್ಣ ಅವರ ಮಾತಿಗೆ ನನ್ನ ತಕರಾರು ಇದೆ. ಎಲ್ಲವನ್ನೂ ಶುಲ್ಕ, ರ‍್ಯಾಮ್, ಏಜೆನ್ಸಿ ಅಂತ ಹೇಳಿದರೆ ಕೇಳುಗರು ಸುಮ್ನೆ ಕೂತಿದ್ದರು ಅನ್ನುವ ಹಾಗಾಗುತ್ತದೆ. ಕನ್ನಡ ಹಾಡು ಹಾಕಿ ಅಂತ ಜನ ಸ್ಟೇಷನ್‌ಗಳಿಗೆ ಇಮೇಲ್ ಬರೆದರು, ಫೋನ್ ಮಾಡಿದರು, ಕನ್ನಡದ ಗುಂಪುಗಳು ಎಫ್‌ಎಂನವರನ್ನು ಬಿಡದೆ ಕೇಳಿದವು. ಬೆಂಗಳೂರಿನಲ್ಲಿ ಕನ್ನಡ ಹಾಕಿದರೆ ಸ್ಟೇಷನ್ ನಡೆಯಲ್ಲ ಅಂತ ಹೇಳುತ್ತಿದ್ದ ಕಾಲ ಅದು. ಕಾಲರ್ ಆಗಿ ನಾನೇ ಎಷ್ಟೋ ಸಲ ಕನ್ನಡ ಹಾಡು ಕೇಳಿದ್ದೇನೆ, "ಲಿಸ್ಟ್‌ನಲ್ಲಿ ಇಲ್ಲ" ಅಂತ ಉತ್ತರ ಬರುತ್ತಿತ್ತು. 2006ರ ಆಮೇಲೆ ಆ ಮಾತು ಸುಳ್ಳಾಯಿತು. ಅಂಗಡಿಯವರು ಕನ್ನಡದಲ್ಲಿ ಸ್ಪಾಟ್ ಕೇಳಿದ್ದೂ ನಮ್ಮಂಥ ಕೇಳುಗರು ಇದ್ದೇವೆ ಅಂತ ಗೊತ್ತಾದ ಮೇಲೆ ತಾನೇ?

ಕೆಂಗೇರಿ ಕಾಂತಣ್ಣ:

ಒಪ್ಪುತ್ತೇನೆ ತಾಯಿ. ಕೇಳುಗರು ಕೇಳದೆ ಇದ್ದಿದ್ದರೆ ಯಾವ ಅಂಗಡಿಯವನೂ ಬರುತ್ತಿರಲಿಲ್ಲ. ನಾನು ಹೇಳಿದ್ದು ಇಷ್ಟೇ, ಜನಕ್ಕೆ ಕನ್ನಡ ಬೇಕು ಅಂತ 2001ರಲ್ಲೂ ಇತ್ತು, 2006ರಲ್ಲೂ ಇತ್ತು. 2001ರಲ್ಲಿ ಆ ಬೇಡಿಕೆಗೆ ಹೋಗಿ ನಿಲ್ಲಲು ಇನ್ನೊಂದು ಸ್ಟೇಷನ್ ಇರಲಿಲ್ಲ. ಶುಲ್ಕ ಇಳಿದ ಮೇಲೆ ಜಾಗ ಸಿಕ್ಕಿತು.

ಜಯನಗರ ಕೇಳುಗ:

ಈಗ ಪೂರ್ತಿ ಚಿತ್ರ ಸಿಕ್ಕಿತು. ವಿಜಯಾ ಮೇಡಂ, ಮೈಸೂರಿನ ವಿಷಯಕ್ಕೆ ವಿಶೇಷ ಧನ್ಯವಾದ, ಇದನ್ನು ಮಗಳಿಗೆ ಇವತ್ತೇ ಓದಿಸುತ್ತೇನೆ. ಕೊನೆಯ ಪ್ರಶ್ನೆ. ಮುಂದೆ ಯಾರಾದರೂ ಕೊಂಡರೆ ನಮ್ಮಂಥವರು ತಿಳಿದುಕೊಳ್ಳುವುದು ಹೇಗೆ? ಈ ಅನುಮತಿಗಳೆಲ್ಲ ಎಲ್ಲಿಯವರೆಗೆ?

ಹಳೇ ಟ್ರಾನ್ಸಿಸ್ಟರ್:

ಮೂರನೇ ಹಂತದ ಅನುಮತಿ 15 ವರ್ಷಕ್ಕೆ. 91.1 ಈ ಹಂತಕ್ಕೆ ಬದಲಾಗಿದ್ದು 2015ರ ಏಪ್ರಿಲ್‌ನಿಂದ ಲೆಕ್ಕ, ಅಂದರೆ 2030ರ ಮಾರ್ಚ್‌ವರೆಗೆ. ಉಳಿದ ಹಳೇ ಸ್ಟೇಷನ್‌ಗಳದ್ದೂ ಹೆಚ್ಚೂ ಕಡಿಮೆ ಅದೇ ಹೊತ್ತಿಗೆ ಮುಗಿಯುತ್ತದೆ. ಆಗ ಶುಲ್ಕ ಏನಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ, ಕಾಂತಣ್ಣ ಹೇಳಿದ ಹಾಗೆ.

ತಿಳಿದುಕೊಳ್ಳುವುದು ಕಷ್ಟ ಇಲ್ಲ. ಯಾವ ಊರಿನಲ್ಲಿ ಯಾವ ಕಂಪನಿಗೆ ಅನುಮತಿ ಇದೆ ಅನ್ನುವ ಪಟ್ಟಿಯನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹಾಕುತ್ತದೆ. ಅದರಲ್ಲಿ ಬ್ರ್ಯಾಂಡ್ ಹೆಸರು ಹುಡುಕಬೇಡಿ, ಕಂಪನಿ ಹೆಸರು ನೋಡಿ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಮೂರು ತಿಂಗಳಿಗೊಮ್ಮೆ ಷೇರುದಾರರ ವಿವರ ಕೊಡಲೇಬೇಕು, ದೊಡ್ಡ ಪಾಲು ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ.